ಊರ ಟಿವಿಯಿಂದ ಸ್ಮಾರ್ಟ್ ಟಿವಿಗೆ: ಪರದೆಯ ಕಾವಲು ಮತ್ತು ಗಡಿನಾಡ ಕನ್ನಡ

ಪೀಠಿಕೆ

ನನ್ನ ಊರು ಕೃಷ್ಣಗಿರಿ ಜಿಲ್ಲೆಯ ಬೇರಿಕೆ. ಹೊಸೂರಿಂದ ಬಾಗಲೂರು ದಾಟಿ ಮಾಲೂರಿನ ಕಡೆ ಹೋಗುವ ದಾರಿಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ ಇದೆ. ನಮ್ಮ ಮನೆಯಲ್ಲಿ ಕನ್ನಡ, ಅಕ್ಕಪಕ್ಕ ತೆಲುಗು, ಕಚೇರಿಗಳಲ್ಲಿ ತಮಿಳು.

ಮನೆಗೆ ಸ್ಮಾರ್ಟ್ ಟಿವಿ ತಂದ ದಿನ ಪರದೆಯ ಮೇಲೆ ಉದ್ದನೆಯ ಇಂಗ್ಲಿಷ್ ಬರಹ ಬಂತು. ಅಜ್ಜಿ ರಿಮೋಟ್ ತಗೊಂಡು ಓಕೆ ಒತ್ತಿದರು. "ಏನೋ ಕೇಳ್ತಿತ್ತು ಕಣಪ್ಪ, ಧಾರಾವಾಹಿ ಬರಲಿ ಅಂತ ಒತ್ತಿದೆ" ಅಂದರು. ಎಂ.ಎ. ಓದುತ್ತಿರುವ ನಾನೂ ಅದನ್ನು ಓದಿರಲಿಲ್ಲ. ಟಿವಿಯನ್ನು ಕಾಯುವ ಕೆಲಸ ಯಾರ ಕೈಯಿಂದ ಯಾರ ಕೈಗೆ ಬಂತು, ಆ ಕಾವಲಿಗೂ ಭಾಷೆಗೂ ಏನು ಸಂಬಂಧ ಅನ್ನೋದೇ ಈ ಪ್ರಬಂಧದ ವಿಷಯ.

ಒಂದೇ ದಿಕ್ಕಿನ ಪರದೆ

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತದಲ್ಲಿ 'ಸೈಟ್' ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಭಾಗದ ಹಳ್ಳಿಗಳಿಗೆ ಕನ್ನಡದಲ್ಲೇ ಕಾರ್ಯಕ್ರಮ ಬಂತು. ಟಿವಿ ಇದ್ದದ್ದು ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ. ಅದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು ಇರುತ್ತಿದ್ದರು. ಮಳೆ, ಧೂಳು, ಕೆಟ್ಟುಹೋಗುವುದು, ಕಳ್ಳತನ, ಇಷ್ಟೇ ಆಗಿನ ಭಯ.

1994ರಲ್ಲಿ ಉದಯ ಟಿವಿ ಶುರುವಾಯಿತು. 2006ರಿಂದ ತಮಿಳುನಾಡು ಸರ್ಕಾರ ಉಚಿತ ಬಣ್ಣದ ಟಿವಿ ಕೊಟ್ಟಿತು. ಸರ್ಕಾರ ಕೊಟ್ಟ ಪೆಟ್ಟಿಗೆ ತಮಿಳುನಾಡಿನದು, ನಮ್ಮ ಮನೆಯಲ್ಲಿ ಅದರೊಳಗೆ ಕೇಳಿಸುತ್ತಿದ್ದದ್ದು ಕನ್ನಡ. ಆದರೂ ಅಲ್ಲಿವರೆಗೆ ಒಂದು ವಿಷಯ ಬದಲಾಗಿರಲಿಲ್ಲ. ಟಿವಿ ನಮಗೆ ತೋರಿಸುತ್ತಿತ್ತು, ನಮ್ಮ ವಿಷಯವನ್ನು ಯಾರಿಗೂ ಹೇಳುತ್ತಿರಲಿಲ್ಲ.

ಪರದೆ ತಿರುಗಿ ನೋಡಿದಾಗ

ಸ್ಮಾರ್ಟ್ ಟಿವಿ ಅಂದರೆ ಇಂಟರ್ನೆಟ್ ಇರುವ ಕಂಪ್ಯೂಟರ್. ಅದರ ಅಪಾಯಗಳನ್ನು ಮೂರು ಘಟನೆಗಳ ಮೂಲಕ ನೋಡಬಹುದು.

ಮೊದಲನೆಯದು 2017ರದು. ಅಮೆರಿಕದ ವಿಜಿಯೋ ಕಂಪನಿ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಅನ್ನೋದನ್ನು ಸರಿಯಾದ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದೆ ಎಂಬ ಆರೋಪ ಬಂತು. ಕಂಪನಿ 22 ಲಕ್ಷ ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಸಿತು. ಆ ಸೌಲಭ್ಯಕ್ಕೆ ಇಟ್ಟಿದ್ದ ಹೆಸರು 'ಸ್ಮಾರ್ಟ್ ಇಂಟರ್‌ಆಕ್ಟಿವಿಟಿ'. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದ್ದು ಇದನ್ನೇ. ಇಂಗ್ಲಿಷ್ ಬಲ್ಲವರಿಗೂ ಆ ಹೆಸರು ಅರ್ಥವನ್ನು ಬಿಟ್ಟುಕೊಡಲಿಲ್ಲ. ಇನ್ನು ನಮ್ಮಜ್ಜಿಗೆ ಹೇಗೆ ಬಿಟ್ಟುಕೊಟ್ಟೀತು?

ಎರಡನೆಯದು 2019ರ ನವೆಂಬರ್‌ನದು. ಡಿಸ್ನಿ ಪ್ಲಸ್ ಶುರುವಾದ ಕೆಲವೇ ದಿನಗಳಲ್ಲಿ ಗ್ರಾಹಕರ ಖಾತೆಗಳು ಕಳ್ಳಸಂತೆಯಲ್ಲಿ ಮಾರಾಟಕ್ಕಿದ್ದವು. ತನ್ನ ವ್ಯವಸ್ಥೆಗೆ ಯಾರೂ ನುಗ್ಗಿದ ಕುರುಹಿಲ್ಲ ಎಂದು ಕಂಪನಿ ಹೇಳಿತು. ಇಂಥ ಕಳ್ಳತನಕ್ಕೆ ಒಂದು ಸುಲಭ ದಾರಿಯಿದೆ. ಬೇರೆ ಕಡೆ ಸೋರಿಹೋದ ಪಾಸ್‌ವರ್ಡನ್ನು ಇಲ್ಲೂ ಹಾಕಿ ನೋಡುವುದು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟವರು ಸಿಕ್ಕಿಬೀಳುತ್ತಾರೆ.

ಮೂರನೆಯದು 2024ರ ಸೆಪ್ಟೆಂಬರ್‌ನದು. 'ವಾಯ್ಡ್' ಎಂಬ ಕುತಂತ್ರಾಂಶ 197 ದೇಶಗಳ ಸುಮಾರು 13 ಲಕ್ಷ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ ಸೇರಿಕೊಂಡಿದೆ ಎಂದು ಡಾಕ್ಟರ್ ವೆಬ್ ಸಂಸ್ಥೆ ತಿಳಿಸಿತು. ಹಳೇ ಆಂಡ್ರಾಯ್ಡ್ ಇರುವ ಅಗ್ಗದ ಬಾಕ್ಸ್‌ಗಳು ಇಂಥದ್ದಕ್ಕೆ ಬೇಗ ಬಲಿಯಾಗುತ್ತವೆ. ಬಾಕ್ಸ್ ಎಂದಿನಂತೆ ಸಿನಿಮಾ ತೋರಿಸುತ್ತಲೇ ಇರುತ್ತದೆ. ಒಳಗೆ ಬೇರೆಯವರ ಆಜ್ಞೆಗೆ ಕಾಯುತ್ತಿರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಆ್ಯಪ್‌ಗಳನ್ನು ಟಿವಿಯ ಅಧಿಕೃತ ಸ್ಟೋರ್‌ನಿಂದಲೇ ಹಾಕಿಕೊಳ್ಳಬೇಕು. 'ಎಲ್ಲಾ ಸಿನಿಮಾ ಫ್ರೀ' ಅನ್ನೋ ಬಾಕ್ಸ್ ಬೇಡ. ಅಪ್‌ಡೇಟ್ ಬಂದಾಗ ಮುಂದೂಡಬಾರದು. ಒಂದೊಂದು ಆ್ಯಪ್‌ಗೆ ಒಂದೊಂದು ಪಾಸ್‌ವರ್ಡ್ ಇರಬೇಕು. ಲಾಗಿನ್ ಕೋಡ್ ಹಾಕಿಕೊಡ್ತೀವಿ ಅಂತ ಫೋನಿನಲ್ಲಿ ದುಡ್ಡು ಕೇಳಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಭಾಷೆಯೂ ಒಂದು ಕಾವಲು

ಆದರೆ ಇದೆಲ್ಲ ಮಾಡಬೇಕಾದರೆ ಪರದೆಯ ಮೇಲಿನದ್ದು ಓದಿ ಅರ್ಥವಾಗಬೇಕು. ಇಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮುಖ್ಯವಾಗುತ್ತದೆ. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು ಎಂದು ಅದು ಹೇಳುತ್ತದೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ವಾಪಸ್ ಪಡೆಯುವಂತೆಯೂ ಇರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ.

ಕನ್ನಡ, ತೆಲುಗು, ತಮಿಳು, ಬೇರಿಕೆಯ ಮೂರು ಭಾಷೆಗಳೂ ಆ ಪಟ್ಟಿಯಲ್ಲಿವೆ. ಈ ಹಕ್ಕು ರಾಜ್ಯದ ಗಡಿ ನೋಡುವುದಿಲ್ಲ. ಕರ್ನಾಟಕದ ಹೊರಗಿದ್ದೀರಿ, ನಿಮಗೆ ಕನ್ನಡ ಯಾಕೆ ಅಂತ ಇಲ್ಲಿ ಯಾರೂ ಕೇಳುವಂತಿಲ್ಲ. ಗಡಿನಾಡ ಕನ್ನಡದ ಚರ್ಚೆಗಳಲ್ಲಿ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಬಗ್ಗೆ ಮಾತಾಡುತ್ತೇವೆ. ಆ ಸಾಲಿಗೆ ಟಿವಿಯ ಒಪ್ಪಿಗೆ ಪುಟವೂ ಸೇರಬೇಕು ಎನ್ನುವುದು ನನ್ನ ವಾದ.

ಸಮಾರೋಪ

ಈ ಪ್ರಬಂಧ ಬರೆಯುವಾಗ ನಮ್ಮ ಟಿವಿಯ ಆ ಪುಟಗಳನ್ನು ಕನ್ನಡದಲ್ಲಿ ಬರೆದುಕೊಂಡು ಅಜ್ಜಿಗೆ ಓದಿ ಹೇಳಿದೆ. "ನಾನು ಏನ್ ನೋಡ್ತೀನಿ ಅಂತ ಅವರಿಗ್ಯಾಕೆ ಬೇಕು?" ಅಂದರು. ಇಬ್ಬರೂ ಸೇರಿ ಆ ಆಯ್ಕೆಯನ್ನು ಆಫ್ ಮಾಡಿದೆವು. ಧಾರಾವಾಹಿ ನಿಲ್ಲಲಿಲ್ಲ.

ಅಂದು ಊರ ಟಿವಿಗೆ ಒಬ್ಬರು ಇದ್ದರು. ಇಂದು ಮನೆಮನೆಗೂ ಒಬ್ಬರು ಬೇಕು. ಭಾಷೆ ಓದಿದ ನಾವು ನಮ್ಮ ನಮ್ಮ ಮನೆಯಿಂದ ಆ ಕೆಲಸ ಶುರುಮಾಡಬಹುದು.