ಕಾರ್ಟ್‌ರೈಟ್, ಪೀಟರ್ (1785–1872)

ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಸಂಚಾರಿ ಬೋಧಕ, ಪ್ರಿಸೈಡಿಂಗ್ ಎಲ್ಡರ್, ಇಲಿನಾಯ್ ಶಾಸನಸಭೆಯ ಸದಸ್ಯ. 1846ರ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ನನ ಎದುರು ಸೋತವನೆಂದು ರಾಜಕೀಯ ಚರಿತ್ರೆಗಳಲ್ಲಿಯೂ, ಕೂಟ ಕೆಡಿಸಲು ಬಂದ ಪುಂಡರನ್ನು ತೋಳ್ಬಲದಿಂದ ಅಡಗಿಸಿದವನೆಂದು ಜನರ ಮಾತಿನಲ್ಲಿಯೂ ಈತನ ಹೆಸರು ಉಳಿದಿದೆ. ಇವೆರಡಕ್ಕಿಂತ ಹೆಚ್ಚು ತೂಕದ ಸಂಗತಿಯೆಂದರೆ, ಮೆಥಡಿಸ್ಟರ ಸರ್ಕ್ಯೂಟ್ ಪದ್ಧತಿ ಅಪಲೇಚಿಯನ್ ಬೆಟ್ಟಗಳ ಪಶ್ಚಿಮಕ್ಕೆ ಹಬ್ಬಿ ನೆಲೆಯೂರಿದ ಕಾಲವನ್ನೆಲ್ಲ ಈತ ಅದರೊಳಗೇ ಇದ್ದು ಕಳೆದದ್ದು. ಕುದುರೆಯ ಮೇಲಿನ ತರುಣ ಬೋಧಕನಾಗಿ ಆರಂಭಿಸಿದವನು ಅರ್ಧ ಶತಮಾನ ಆ ಪದ್ಧತಿಯ ನಡುವಣ ಅಧಿಕಾರಿಯಾಗಿ ದುಡಿದ. ಆದ್ದರಿಂದ ಈ ಲೇಖನದಲ್ಲಿ ಆ ಪದ್ಧತಿಯ ವಿವರಣೆಗೆ ಹೆಚ್ಚು ಸ್ಥಳ ಕೊಟ್ಟಿದೆ.

ಬಾಲ್ಯ ಮತ್ತು ಮನಃಪರಿವರ್ತನೆ

ಕಾರ್ಟ್‌ರೈಟ್ 1785ರ ಸೆಪ್ಟೆಂಬರ್ 1ರಂದು ವರ್ಜೀನಿಯದ ಆಮ್ಹರ್ಸ್ಟ್ ಕೌಂಟಿಯಲ್ಲಿ ಹುಟ್ಟಿದ. ತಂದೆ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಸೈನಿಕನಾಗಿದ್ದವನು. ತಾಯಿ ಮೆಥಡಿಸ್ಟ್ ಸಭೆಯವಳು. 1790ರ ಸುಮಾರಿಗೆ ಕುಟುಂಬ ಕೆಂಟಕಿಗೆ ವಲಸೆ ಬಂದು, ಕೊನೆಗೆ ಲೋಗನ್ ಕೌಂಟಿಯಲ್ಲಿ ನೆಲೆಸಿತು. ಬೇರೆ ರಾಜ್ಯಗಳಿಂದ ತಲೆಮರೆಸಿಕೊಂಡು ಬಂದವರು ತುಂಬಿದ್ದ ಆ ಪ್ರದೇಶಕ್ಕೆ ‘ಪೋಕರಿಗಳ ಬಂದರು’ ಎಂಬ ಅಡ್ಡಹೆಸರಿತ್ತು. ಹುಡುಗನಿಗೆ ಶಾಲೆಯ ಓದು ಬಹಳ ಕಡಿಮೆ ದೊರೆಯಿತು. ಇಸ್ಪೀಟು, ಕುದುರೆ ಜೂಜು, ಕುಣಿತಗಳ ಗೀಳು ಬೇಗ ಹತ್ತಿತು.

1801ರಲ್ಲಿ ಒಂದು ಮದುವೆಯ ಕುಣಿತ ಮುಗಿಸಿ ಮನೆಗೆ ಬಂದ ರಾತ್ರಿ ಈತನಿಗೆ ತನ್ನ ಬಾಳಿನ ಬಗ್ಗೆ ತೀವ್ರ ಭಯ ಹುಟ್ಟಿತು. ಪಂದ್ಯದ ಕುದುರೆಯನ್ನು ಮಾರಿಬಿಡುವಂತೆ ತಂದೆಯನ್ನು ಕೇಳಿಕೊಂಡ. ಇಸ್ಪೀಟಿನ ಎಲೆಗಳನ್ನು ತಾಯಿಯ ಕೈಗೆ ಕೊಟ್ಟ, ಆಕೆ ಅವನ್ನು ಬೆಂಕಿಗೆ ಹಾಕಿದಳು. ಕೆಲ ತಿಂಗಳುಗಳ ತಳಮಳದ ನಂತರ, ಪ್ರೆಸ್ಬಿಟೇರಿಯನ್ನರೂ ಮೆಥಡಿಸ್ಟರೂ ಕೂಡಿ ನಡೆಸುತ್ತಿದ್ದ ಬಯಲು ಕೂಟವೊಂದರಲ್ಲಿ ಮನಸ್ಸಿಗೆ ನೆಮ್ಮದಿ ಸಿಕ್ಕಿತೆಂದು ಈತನೇ ಬರೆದಿದ್ದಾನೆ. ಕೆಂಟಕಿಯುದ್ದಕ್ಕೂ ಧಾರ್ಮಿಕ ಪುನರುಜ್ಜೀವನದ ಅಲೆ ಎದ್ದಿದ್ದ ವರ್ಷ ಅದು. ಕೇನ್ ರಿಡ್ಜ್‌ನ ಪ್ರಸಿದ್ಧ ಕೂಟ ನಡೆದದ್ದೂ ಅದೇ ಆಗಸ್ಟ್‌ನಲ್ಲಿ.

ಸರ್ಕ್ಯೂಟ್ ಪದ್ಧತಿ

ಸರ್ಕ್ಯೂಟ್ ಎಂದರೆ ಒಬ್ಬ ಬೋಧಕ, ಅಥವಾ ಒಬ್ಬ ಹಿರಿಯ ಮತ್ತು ಒಬ್ಬ ಕಿರಿಯ ಬೋಧಕರ ಜೋಡಿ, ನಾಲ್ಕರಿಂದ ಆರು ವಾರಗಳಲ್ಲಿ ಒಮ್ಮೆ ಸುತ್ತಿ ಮುಗಿಸಬೇಕಾದ ಸೀಮೆ. ಗಡಿನಾಡಿನಲ್ಲಿ ಇಂಥ ಸುತ್ತು ನಾನೂರು, ಐನೂರು ಮೈಲಿ ಬೆಳೆಯುವುದೂ ಇತ್ತು. ದೇವಾಲಯಗಳು ಅಪರೂಪ; ಒಕ್ಕಲಿಗನ ಮರದ ಗುಡಿಸಲು, ನ್ಯಾಯಾಲಯದ ಕೋಣೆ, ಮರದ ನೆರಳು ಇವೇ ಪ್ರಸಂಗದ ಜಾಗಗಳು. ಭಾನುವಾರಕ್ಕೆ ಕಾಯುವಂತಿರಲಿಲ್ಲ. ಬೋಧಕ ಬಂದ ದಿನವೇ ಆ ಊರಿಗೆ ಆರಾಧನೆಯ ದಿನ. ಬೈಬಲ್, ಕೀರ್ತನೆಗಳ ಪುಸ್ತಕ, ಸಭೆಯ ನಿಯಮಾವಳಿ ಈ ಮೂರೂ ತಡಿಚೀಲದಲ್ಲಿರುತ್ತಿದ್ದವು. ಸಭೆಯ ಪ್ರಕಾಶನ ಸಂಸ್ಥೆಯಾದ ‘ಬುಕ್ ಕನ್ಸರ್ನ್’ ಅಚ್ಚು ಹಾಕಿದ ಪುಸ್ತಕಗಳನ್ನು ಮಾರುವುದೂ ಬೋಧಕನ ಕೆಲಸವಾಗಿತ್ತು.

ಬೋಧಕ ಹೊರಟುಹೋದ ಮೇಲೆ ಮುಂದಿನ ಭೇಟಿಯವರೆಗೆ ಊರಿನ ಸಭೆಯನ್ನು ಹಿಡಿದಿಡುತ್ತಿದ್ದದ್ದು ಕ್ಲಾಸ್ ಕೂಟ. ಹತ್ತು ಹನ್ನೆರಡು ಸದಸ್ಯರ ಒಂದೊಂದು ಕ್ಲಾಸಿಗೆ ಊರಿನವನೇ ಆದ ಒಬ್ಬ ನಾಯಕ. ವಾರಕ್ಕೊಮ್ಮೆ ಸೇರಿದಾಗ ಪ್ರತಿಯೊಬ್ಬರ ಆತ್ಮಸ್ಥಿತಿಯನ್ನು ವಿಚಾರಿಸುವುದು, ಕಾಯಿಲೆ ಬಿದ್ದವರನ್ನು ನೋಡಿಬರುವುದು, ಬೋಧಕನಿಗೆ ಸಲ್ಲಬೇಕಾದ ಚಂದಾ ಎತ್ತುವುದು ಇವನ ಹೊಣೆ. ಇವನ ಮೇಲೆ ಎರಡು ಮೆಟ್ಟಿಲುಗಳಿದ್ದವು: ಎದ್ದು ನಿಂತು ಜನರನ್ನು ಎಚ್ಚರಿಸಲು ಅನುಮತಿಯಿದ್ದರೂ ವೇದವಾಕ್ಯವನ್ನೆತ್ತಿ ಪ್ರಸಂಗ ಮಾಡುವ ಹಕ್ಕಿಲ್ಲದ ಪ್ರಬೋಧಕ, ಪ್ರಸಂಗ ಮಾಡಬಲ್ಲ, ಆದರೆ ತನ್ನ ಬೇಸಾಯ ಬಿಟ್ಟು ಹೊರಡದ ಸ್ಥಳೀಯ ಬೋಧಕ. ವಾರ್ಷಿಕ ಸಮ್ಮೇಳನಕ್ಕೆ ಸೇರಿ ಬಿಷಪ್ ಕಳಿಸಿದಲ್ಲಿಗೆ ಹೋಗಲು ಒಪ್ಪಿದವನಷ್ಟೇ ಸಂಚಾರಿ ಬೋಧಕ. ಸೇರಿದವನಿಗೆ ಎರಡು ವರ್ಷ ಪರೀಕ್ಷಾವಧಿ. ಅದು ಕಳೆದರೆ ಡೀಕನ್ ಪದವಿ, ಮತ್ತೆರಡು ವರ್ಷಕ್ಕೆ ಎಲ್ಡರ್ ಪದವಿ. ಡೀಕನ್ ದೀಕ್ಷಾಸ್ನಾನ ಕೊಡಬಹುದು, ಮದುವೆ ಮಾಡಿಸಬಹುದು. ಕರ್ತನ ಭೋಜನವನ್ನು ಪವಿತ್ರೀಕರಿಸುವ ಅಧಿಕಾರ ಎಲ್ಡರಿಗೆ ಮಾತ್ರ.

ಈ ಕೊನೆಯ ನಿಯಮದ ಪರಿಣಾಮ ದೊಡ್ಡದು. ಗಡಿನಾಡಿನ ಅನೇಕ ಸರ್ಕ್ಯೂಟುಗಳಲ್ಲಿ ಇರುತ್ತಿದ್ದವರು ಇನ್ನೂ ಎಲ್ಡರ್ ಆಗದ ತರುಣರು. ಹೀಗಾಗಿ ಹಲವು ಸರ್ಕ್ಯೂಟುಗಳ ಜಿಲ್ಲೆಯನ್ನು ನೋಡಿಕೊಳ್ಳುವ ಪ್ರಿಸೈಡಿಂಗ್ ಎಲ್ಡರ್ ಮೂರು ತಿಂಗಳಿಗೊಮ್ಮೆ ಬಂದಾಗಲೇ ಜನರಿಗೆ ಕರ್ತನ ಭೋಜನ ದೊರೆಯುತ್ತಿತ್ತು. ತ್ರೈಮಾಸಿಕ ಕೂಟಕ್ಕೆ ಮೂವತ್ತು ನಲವತ್ತು ಮೈಲಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದದ್ದಕ್ಕೆ ಇದೊಂದು ಮುಖ್ಯ ಕಾರಣವೆಂದು ತೋರುತ್ತದೆ. ಶನಿವಾರ ಪ್ರಸಂಗ, ನಂತರ ವ್ಯವಹಾರ: ಚಂದಾದ ಲೆಕ್ಕ, ಪ್ರಬೋಧಕರ ಅನುಮತಿಪತ್ರಗಳ ನವೀಕರಣ, ಸದಸ್ಯರ ಮೇಲಿನ ದೂರುಗಳ ವಿಚಾರಣೆ. ಭಾನುವಾರ ಬೆಳಗ್ಗೆ ಬಾಗಿಲು ಮುಚ್ಚಿ ಪ್ರೀತಿಭೋಜನ. ರೊಟ್ಟಿ ನೀರು ಹಂಚಿಕೊಂಡು, ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವ ಹೇಳುವ ಆ ಕೂಟಕ್ಕೆ ಸದಸ್ಯತ್ವದ ಚೀಟಿ ತೋರಿಸಿಯೇ ಒಳಗೆ ಹೋಗಬೇಕಿತ್ತು. ಆಮೇಲೆ ಸಾರ್ವಜನಿಕ ಪ್ರಸಂಗ, ಕೊನೆಗೆ ಕರ್ತನ ಭೋಜನ.

1800ರ ನಂತರ ಬೇಸಿಗೆಯ ತ್ರೈಮಾಸಿಕ ಕೂಟಗಳು ಹಲವು ದಿನಗಳ ಶಿಬಿರಕೂಟಗಳೊಡನೆ ಬೆರೆತವು. ಕಾಡು ಸವರಿ ಚೌಕವಾದ ಬಯಲು ಮಾಡಿ, ಸುತ್ತ ಡೇರೆಗಳನ್ನೂ ಗಾಡಿಗಳನ್ನೂ ನಿಲ್ಲಿಸಿ, ನಡುವೆ ಸೀಳಿದ ಮರದ ದಿಮ್ಮಿಗಳನ್ನು ಆಸನವಾಗಿ ಹಾಕುತ್ತಿದ್ದರು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು. ಕಂಬಗಳ ಮೇಲೆ ಅಟ್ಟ ಕಟ್ಟಿ, ಮಣ್ಣು ಹಾಸಿ, ಅದರ ಮೇಲೆ ಉರಿಸಿದ ಬೆಂಕಿಯೇ ರಾತ್ರಿಯ ದೀಪ. ಕಹಳೆಯ ಕೂಗಿಗೆ ಜನ ಏಳುತ್ತಿದ್ದರು, ಪ್ರಾರ್ಥನೆಗೆ ಸೇರುತ್ತಿದ್ದರು. ಭಾವಾವೇಶದಲ್ಲಿ ಮೈ ಝಾಡಿಸಿ ನೆಲಕ್ಕೆ ಬೀಳುವವರೂ ಇದ್ದರು. ಈ ಮೈನಡುಕವನ್ನು ದೇವರ ಕೆಲಸವೆಂದೇ ಕಾರ್ಟ್‌ರೈಟ್ ನಂಬಿದ್ದ. ಅದರ ಜೊತೆಗೆ ಹುಟ್ಟಿಕೊಂಡ ದರ್ಶನ, ಭವಿಷ್ಯವಾಣಿಗಳನ್ನು ಮಾತ್ರ ಖಂಡಿಸಿದ. ಉತ್ಸಾಹಕ್ಕೂ ಶಿಸ್ತಿಗೂ ನಡುವೆ ಈತ ಎಳೆದ ಈ ಗೆರೆ ಈತನ ಸೇವೆಯ ಉದ್ದಕ್ಕೂ ಕಾಣುತ್ತದೆ.

ಸಂಬಳದ ವಿಷಯವನ್ನು ಬೋಧಕರ ಜೀವನಚರಿತ್ರೆಗಳು ಹೆಚ್ಚಾಗಿ ಹಾರಿಸಿಬಿಡುತ್ತವೆ. ಪದ್ಧತಿ ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಅದನ್ನೇ ಮೊದಲು ನೋಡಬೇಕು. 1800ರಲ್ಲಿ ಗೊತ್ತುಮಾಡಿದ ಭತ್ಯ ವರ್ಷಕ್ಕೆ 80 ಡಾಲರು, ಜೊತೆಗೆ ಪ್ರಯಾಣದ ಖರ್ಚು. ಮದುವೆಯಾದವನಿದ್ದರೆ ಹೆಂಡತಿಗೂ ಅಷ್ಟೇ. 1816ರಲ್ಲಿ ಅದು 100 ಡಾಲರಾಯಿತು. ಇದು ಗರಿಷ್ಠ ಮಿತಿಯೇ ಹೊರತು ಖಾತರಿಯ ಸಂಬಳವಲ್ಲ. ಚಂದಾ ಕಡಿಮೆ ಬಿದ್ದರೆ ಬೋಧಕನ ಪಾಲೂ ಕಡಿಮೆ. ಬಡ ಸರ್ಕ್ಯೂಟುಗಳಲ್ಲಿ ಪೂರ್ತಿ ಮೊತ್ತ ಸಿಗುವುದು ದುರ್ಲಭವಾಗಿತ್ತು. ಹಲವು ತರುಣರು ಮದುವೆಯಾದೊಡನೆ ಸಂಚಾರ ಬಿಟ್ಟು ಜಮೀನು ಹಿಡಿಯುತ್ತಿದ್ದದ್ದರ ಹಿಂದೆ ಭಕ್ತಿಯ ಕೊರತೆಯನ್ನು ಹುಡುಕುವುದು ಅನ್ಯಾಯ.

ಬೋಧಕನನ್ನು ಎಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಪೂರ್ತಿಯಾಗಿ ಬಿಷಪ್ಪನದು. ಅದರ ಮೇಲೆ ಮೇಲ್ಮನವಿಯ ಹಕ್ಕು ಬೇಕೆಂದು 1792ರಲ್ಲಿ ಕೇಳಿದ ಜೇಮ್ಸ್ ಒಕೆಲಿ, ಅದು ಸಿಗದೆ ಸಭೆಯನ್ನೇ ತೊರೆದ. 1804ರ ಮಹಾಸಮ್ಮೇಳನ ಒಂದೇ ಸರ್ಕ್ಯೂಟಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಯಾರೂ ಇರಕೂಡದೆಂದು ನಿಯಮ ಮಾಡಿತು. ಬೋಧಕನಿಗೆ ಊರು ಅಂಟಿಕೊಳ್ಳಬಾರದು, ಊರಿಗೆ ಬೋಧಕ ಅಂಟಿಕೊಳ್ಳಬಾರದು ಎಂಬುದು ಅದರ ಆಶಯ. ಮನುಷ್ಯರಿಗೆ ಇದು ಕಠಿಣವಾಗಿತ್ತು. ವಲಸೆಗಾರರು ವರ್ಷವರ್ಷವೂ ಪಶ್ಚಿಮಕ್ಕೆ ಸರಿಯುತ್ತಿದ್ದ ದೇಶಕ್ಕೆ ಇದಕ್ಕಿಂತ ಹೊಂದುವ ಏರ್ಪಾಡು ಇರಲಿಲ್ಲ. 1784ರಲ್ಲಿ ಬಾಲ್ಟಿಮೋರಿನಲ್ಲಿ ಸಂಘಟಿತವಾದಾಗ ಸುಮಾರು 15,000 ಸದಸ್ಯರಿದ್ದ ಈ ಸಭೆ 1844ರ ವೇಳೆಗೆ ಹತ್ತು ಲಕ್ಷ ದಾಟಿತ್ತು.

ಸೇವಾವಧಿ

ಕಾರ್ಟ್‌ರೈಟ್‌ಗೆ 1802ರಲ್ಲಿ ಪ್ರಬೋಧಕನ ಅನುಮತಿಪತ್ರ ಸಿಕ್ಕಿತು. ಅದೇ ವರ್ಷ ಕುಟುಂಬ ಕಂಬರ್ಲೆಂಡ್ ನದೀಮುಖದ ಕಡೆಗೆ ಹೋದಾಗ ಅಲ್ಲೊಂದು ಹೊಸ ಸರ್ಕ್ಯೂಟ್ ಕಟ್ಟುವ ಕೆಲಸವೂ ಹದಿನೇಳರ ಈ ಹುಡುಗನ ಪಾಲಿಗೆ ಬಂತು. 1806ರಲ್ಲಿ ಬಿಷಪ್ ಫ್ರಾನ್ಸಿಸ್ ಆಸ್ಬರಿ ಈತನಿಗೆ ಡೀಕನ್ ಪದವಿಯನ್ನೂ, 1808ರಲ್ಲಿ ಬಿಷಪ್ ವಿಲಿಯಂ ಮೆಕೆಂಡ್ರಿ ಎಲ್ಡರ್ ಪದವಿಯನ್ನೂ ಕೊಟ್ಟರು. 1808ರಲ್ಲೇ ಫ್ರಾನ್ಸಿಸ್ ಗೇನ್ಸ್ ಎಂಬಾಕೆಯೊಡನೆ ಮದುವೆಯಾಯಿತು. ಇವರಿಗೆ ಒಂಬತ್ತು ಮಕ್ಕಳು.

ಈ ವರ್ಷಗಳ ಬದುಕಿಗೆ ಒಂದು ಉದಾಹರಣೆ ಸಾಕು. ಒಹಾಯೊ ಸೀಮೆಯಲ್ಲಿ ಸೇವೆ ಮುಗಿಸಿ ಐನೂರು ಮೈಲಿ ದೂರದ ತಂದೆಯ ಮನೆಗೆ ಹೊರಟಾಗ ಈತನ ಕುದುರೆಗೆ ಕಣ್ಣು ಹೋಗಿತ್ತು, ತಡಿ ಸವೆದಿತ್ತು, ಲಗಾಮಿನ ಪಟ್ಟಿ ಎಷ್ಟೋ ಸಲ ಕಿತ್ತು ಬದಲಾಗಿತ್ತು, ಬಟ್ಟೆಯಲ್ಲಿ ಮೂಲ ಯಾವುದು ತೇಪೆ ಯಾವುದು ತಿಳಿಯುತ್ತಿರಲಿಲ್ಲ. ಕೈಯಲ್ಲಿದ್ದದ್ದು ಎಪ್ಪತ್ತೈದು ಸೆಂಟು. ದಾರಿಯಲ್ಲಿ ಅವರಿವರ ನೆರವಿನಿಂದ ಮನೆ ಸೇರಿದ. ತಂದೆ ಹೊಸ ಕುದುರೆ, ತಡಿ, ಬಟ್ಟೆ, ನಲವತ್ತು ಡಾಲರು ಕೊಟ್ಟು ಮತ್ತೆ ಸರ್ಕ್ಯೂಟಿಗೆ ಕಳಿಸಿದ.

ಈತನ ವಿದ್ಯಾಭ್ಯಾಸ ನಡೆದದ್ದೂ ಕುದುರೆಯ ಮೇಲೆಯೇ. ಮೆಕೆಂಡ್ರಿ ಇನ್ನೂ ಪ್ರಿಸೈಡಿಂಗ್ ಎಲ್ಡರ್ ಆಗಿದ್ದಾಗ ಈತ ಓದಬೇಕಾದ ಪುಸ್ತಕಗಳನ್ನು ಆರಿಸಿಕೊಟ್ಟು, ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು, ಪ್ರತಿ ತ್ರೈಮಾಸಿಕ ಭೇಟಿಯಲ್ಲೂ ಪರೀಕ್ಷೆ ಮಾಡುತ್ತಿದ್ದ. ದೇವಜ್ಞಾನ ಶಾಲೆಗಳಲ್ಲಿ ಬೋಧಕರನ್ನು ತಯಾರಿಸುವುದನ್ನು ಕಾರ್ಟ್‌ರೈಟ್ ಕೊನೆಯವರೆಗೂ ಅನುಮಾನದಿಂದ ನೋಡಿದ್ದಕ್ಕೆ ಈ ಅನುಭವವೇ ಮೂಲವಿರಬಹುದು. ಆದರೆ ಈತನನ್ನು ವಿದ್ಯಾವಿರೋಧಿ ಎನ್ನುವುದು ಸರಿಯಲ್ಲ: ಇಲಿನಾಯ್‌ನಲ್ಲಿ ಮೆಥಡಿಸ್ಟ್ ಶಾಲೆ ಕಾಲೇಜುಗಳಿಗಾಗಿ ದುಡಿದ, 1850ರಲ್ಲಿ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ.

1812ರಲ್ಲಿ ಆಸ್ಬರಿ ಈತನನ್ನು ಪ್ರಿಸೈಡಿಂಗ್ ಎಲ್ಡರ್ ಆಗಿ ನೇಮಿಸಿದ. ಈ ಹುದ್ದೆಯವರನ್ನು ಬೋಧಕರೇ ಚುನಾಯಿಸಲಿ ಎಂಬ ಬೇಡಿಕೆ 1820ರ ಮಹಾಸಮ್ಮೇಳನವನ್ನು ಅಲುಗಿಸಿದಾಗ, ಬಿಷಪ್ಪನ ನೇಮಕವೇ ಇರಲಿ ಎಂದವರ ಪಕ್ಷದಲ್ಲಿ ಕಾರ್ಟ್‌ರೈಟ್ ನಿಂತ. ಹುದ್ದೆಯ ಹೆಸರು 1908ರಲ್ಲಿ ಜಿಲ್ಲಾ ಸೂಪರಿಂಟೆಂಡೆಂಟ್ ಎಂದಾಯಿತು. ಇದೇ ಅಮೆರಿಕನ್ ಸಭೆಯ ಮಿಷನ್ನಿನಿಂದ ಬೆಳೆದ ಬೀದರ್, ಕೋಲಾರ ಭಾಗಗಳ ಮೆಥಡಿಸ್ಟ್ ಸಭೆಗಳಲ್ಲಿ ಆ ಹುದ್ದೆ ಅದೇ ಹೆಸರಿನಿಂದ ಬಳಕೆಗೆ ಬಂದಿದೆ.

ಗುಲಾಮಗಿರಿಯ ಪ್ರಶ್ನೆ

1824ರಲ್ಲಿ ಕಾರ್ಟ್‌ರೈಟ್ ಕೆಂಟಕಿ ಬಿಟ್ಟು ಇಲಿನಾಯ್‌ನ ಸಂಗಮನ್ ಸೀಮೆಗೆ ಬಂದ. ಗುಲಾಮಗಿರಿಯ ನಡುವೆ ಮಕ್ಕಳನ್ನು ಬೆಳೆಸಲು, ಅವರು ಗುಲಾಮರ ಒಡೆಯರ ಮನೆಗಳಲ್ಲಿ ಸಂಬಂಧ ಬೆಳೆಸಲು ಮನಸ್ಸಿಲ್ಲದ್ದನ್ನು ಕಾರಣವಾಗಿ ಹೇಳಿದ್ದಾನೆ. ಮಕ್ಕಳಿಗೆ ಜಮೀನು ಮಾಡಬೇಕೆಂಬ ಆಸೆಯನ್ನೂ ಮುಚ್ಚಿಟ್ಟಿಲ್ಲ. ದಾರಿಯಲ್ಲಿ ಬೀಡುಬಿಟ್ಟ ರಾತ್ರಿ ಮರವೊಂದು ಉರುಳಿ ಮಗಳೊಬ್ಬಳು ಸತ್ತಳು. ಕುಟುಂಬ ಪ್ಲೆಸೆಂಟ್ ಪ್ಲೇನ್ಸ್ ಬಳಿ ನೆಲೆಸಿತು. ಇಲಿನಾಯ್‌ನಲ್ಲಿ ಗುಲಾಮಗಿರಿಗೆ ದಾರಿ ಮಾಡಿಕೊಡಬಹುದಾಗಿದ್ದ ಸಂವಿಧಾನ ಸಭೆಯ ಪ್ರಸ್ತಾಪವನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಮತದಾರರು 4,972ಕ್ಕೆ ಎದುರಾಗಿ 6,640 ಮತಗಳಿಂದ ತಳ್ಳಿಹಾಕಿದ್ದರು.

ಗುಲಾಮಗಿರಿ ಪಾಪವೆಂದು ಈತ ಸಾರಿದ. ಆದರೆ ತಕ್ಷಣ ವಿಮೋಚನೆ ಬೇಕೆಂದು ಹೋರಾಡಿದವರನ್ನೂ ಅಷ್ಟೇ ಬಿರುಸಾಗಿ ವಿರೋಧಿಸಿದ. ಅವರ ಚಳವಳಿ ದಕ್ಷಿಣದಲ್ಲಿ ಒಡೆಯರಿಗೂ ಗುಲಾಮರಿಗೂ ಸುವಾರ್ತೆ ತಲುಪುವ ಬಾಗಿಲು ಮುಚ್ಚುತ್ತದೆಂಬುದು ಈತನ ವಾದ. ಬಂಧನದಲ್ಲಿದ್ದವರ ಕಡೆಯಿಂದ ನೋಡಿದರೆ ಈ ನಿಲುವು ಸಾಲದು, ಅದನ್ನು ಹೇಳದೆ ಬಿಡುವಂತಿಲ್ಲ. 1844ರ ಮಹಾಸಮ್ಮೇಳನದಲ್ಲಿ ಗುಲಾಮರ ಒಡೆಯನಾಗಿದ್ದ ಜಾರ್ಜಿಯದ ಬಿಷಪ್ ಜೇಮ್ಸ್ ಆಂಡ್ರು ಕುರಿತ ವಿವಾದದಲ್ಲಿ ಕಾರ್ಟ್‌ರೈಟ್ ಉತ್ತರದವರ ಜೊತೆ ನಿಂತ. ಸಭೆ ಎರಡಾಗುವುದನ್ನು ಮಾತ್ರ ಒಪ್ಪಲಿಲ್ಲ. ಮರುವರ್ಷ ದಕ್ಷಿಣದವರು ಲೂಯಿವಿಲ್‌ನಲ್ಲಿ ಪ್ರತ್ಯೇಕ ಸಭೆ ಕಟ್ಟಿಕೊಂಡರು.

ರಾಜಕೀಯ

ಡೆಮಾಕ್ರಟಿಕ್ ಪಕ್ಷದವನಾದ ಕಾರ್ಟ್‌ರೈಟ್ 1828 ಮತ್ತು 1832ರಲ್ಲಿ ಶಾಸನಸಭೆಗೆ ಗೆದ್ದ. ಎರಡನೆಯ ಸಲ ಸೋತ ಅಭ್ಯರ್ಥಿಗಳಲ್ಲಿ ಇಪ್ಪತ್ಮೂರರ ಲಿಂಕನ್ನನೂ ಇದ್ದ. 1846ರ ಕಾಂಗ್ರೆಸ್ ಚುನಾವಣೆಯಲ್ಲಿ ಲಿಂಕನ್ 6,340 ಮತ ಪಡೆದು ಕಾರ್ಟ್‌ರೈಟ್‌ನನ್ನು (4,829) ಸೋಲಿಸಿದ. ತಾನು ಧರ್ಮನಿಂದಕನೆಂಬ ಪ್ರಚಾರಕ್ಕೆ ಲಿಂಕನ್ ಕರಪತ್ರದ ಮೂಲಕ ಉತ್ತರ ಕೊಡಬೇಕಾಗಿ ಬಂದದ್ದು ಈ ಚುನಾವಣೆಯಲ್ಲೇ. 1859ರಲ್ಲಿ ಕಾರ್ಟ್‌ರೈಟ್‌ನ ಮೊಮ್ಮಗನ ಮೇಲೆ ಕೊಲೆಯ ಆರೋಪ ಬಂದಾಗ ಆತನ ಪರ ವಾದಿಸಿದ ವಕೀಲ ಲಿಂಕನ್. ಇರಿತಕ್ಕೊಳಗಾದವನು ಸಾಯುವ ಮುನ್ನ ಆಡಿದ ಕ್ಷಮೆಯ ಮಾತುಗಳಿಗೆ ಸಾಕ್ಷಿ ನುಡಿದವನು ಕಾರ್ಟ್‌ರೈಟ್. ಆರೋಪಿ ಬಿಡುಗಡೆಯಾದ.

ಆತ್ಮಕಥೆ ಮತ್ತು ಕೊನೆಯ ವರ್ಷಗಳು

1856ರಲ್ಲಿ ಪ್ರಕಟವಾದ ಆತ್ಮಕಥೆ ಈತನ ಮುಖ್ಯ ಕೃತಿ. ಗಡಿನಾಡಿನ ಧಾರ್ಮಿಕ ಬದುಕನ್ನು ಒಳಗಿನಿಂದ ತೋರಿಸುವುದರಲ್ಲಿ ಅದಕ್ಕೆ ಸಾಟಿಯಾದ ಪುಸ್ತಕಗಳು ಕಡಿಮೆ. ಆದರೂ ಎಪ್ಪತ್ತರ ಮುದುಕನೊಬ್ಬ ಹೆಚ್ಚಾಗಿ ನೆನಪಿನಿಂದ ಬರೆದದ್ದೆಂಬುದನ್ನು ಓದುಗರು ಮರೆಯಬಾರದು. ಬ್ಯಾಪ್ಟಿಸ್ಟರು, ಶೇಕರರು, ಮಾರ್ಮನ್ನರೊಡನೆ ನಡೆದ ವಾದಗಳಲ್ಲಿ ಗೆಲುವು ಯಾವಾಗಲೂ ಲೇಖಕನದೇ. ಎದುರಾಳಿಗಳು ಏನೆಂದರೆಂಬುದು ನಮಗೆ ಬಹುಪಾಲು ಈತನ ಬಾಯಿಂದಲೇ ತಿಳಿಯಬೇಕು. 14,600 ಪ್ರಸಂಗಗಳ ಪ್ರಸಿದ್ಧ ಲೆಕ್ಕವೂ ಮೊದಲ ಇಪ್ಪತ್ತು ವರ್ಷ ವರ್ಷಕ್ಕೆ 400ರಂತೆ, ನಂತರದ ಮೂವತ್ಮೂರು ವರ್ಷ ವಾರಕ್ಕೆ ಸುಮಾರು ನಾಲ್ಕರಂತೆ ಹಾಕಿದ ಅಂದಾಜು. ದೀಕ್ಷಾಸ್ನಾನ ಪಡೆದವರೆಂದು ಕೊಡುವ 8,000 ಮಕ್ಕಳು, 4,000 ವಯಸ್ಕರ ಸಂಖ್ಯೆಗಳೂ ಇಂಥವೇ. ನೇಮಕಗಳ ವರ್ಷ, ಸರ್ಕ್ಯೂಟುಗಳ ಹೆಸರುಗಳಿಗೆ ವಾರ್ಷಿಕ ಸಮ್ಮೇಳನಗಳ ಮುದ್ರಿತ ನಡಾವಳಿಗಳು ಹೆಚ್ಚು ನಂಬಲರ್ಹ.

1869ರಲ್ಲಿ ಇಲಿನಾಯ್ ಸಮ್ಮೇಳನ ಈತನ ಪ್ರಿಸೈಡಿಂಗ್ ಎಲ್ಡರ್ ಸೇವೆಯ ಐವತ್ತನೆಯ ವರ್ಷವನ್ನು ಸಂಭ್ರಮದಿಂದ ಆಚರಿಸಿತು. ಆ ಸಂದರ್ಭದ ಭಾಷಣಗಳೂ ಈತನ ಕೆಲವು ಬರಹಗಳೂ ಕೂಡಿದ ಪುಸ್ತಕ 1871ರಲ್ಲಿ ಹೊರಬಂತು. 1872ರ ಸೆಪ್ಟೆಂಬರ್ 25ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾರ್ಟ್‌ರೈಟ್ ಪ್ಲೆಸೆಂಟ್ ಪ್ಲೇನ್ಸ್‌ನ ತನ್ನ ಮನೆಯಲ್ಲಿ ತೀರಿಕೊಂಡ. ಆ ಊರಿನ ಮೆಥಡಿಸ್ಟ್ ಸಭೆಗೆ ಈತನ ಹೆಸರನ್ನೇ ಇಡಲಾಗಿದೆ.