ಹುಳದ ಮನೆಯ ಹೊಸಿಲು

ವೇಮಗಲ್ ಹೋಬಳಿಯ ಯಾವ ಹಳ್ಳಿಗೆ ಹೋದರೂ ರೇಷ್ಮೆ ಹುಳದ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಬಾಗಿಲಾಚೆ ಚಪ್ಪಲಿಗಳು ಬಿದ್ದಿರುತ್ತವೆ, ಹೊಸಿಲಿನಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತದೆ. ನಾನು 1983ರಲ್ಲಿ ರೇಷ್ಮೆ ಪ್ರದರ್ಶಕನಾಗಿ ಇಲಾಖೆಗೆ ಸೇರಿದೆ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಊರೂರು ಸುತ್ತಿದೆ. ನಿವೃತ್ತನಾಗುವ ತನಕ ನಾನು ರೈತರಿಗೆ ಹೆಚ್ಚು ಸಲ ಹೇಳಿದ ಮಾತು ಒಂದೇ: "ಚಪ್ಪಲಿ ಆಚೆ ಬಿಟ್ಟು ಒಳಕ್ಕೆ ಬನ್ನಿ." ಈಗ ಮನೆಯಲ್ಲಿ ನಾವೇ ಹುಳ ಮೇಯಿಸುತ್ತೇವೆ. ಆ ಮಾತಿನ ಹಿಂದುಮುಂದನ್ನು ನನ್ನ ಪಾದಗಳೇ ನನಗೆ ಮತ್ತೆ ಯೋಚಿಸುವಂತೆ ಮಾಡಿವೆ.

ನನಗೆ ಸಕ್ಕರೆ ಕಾಯಿಲೆ ಬಂದು ಹದಿನೇಳು ವರ್ಷ. ಮೊದಲು ಬೆರಳ ತುದಿಯಲ್ಲಿ ಜೋಮು, ಆಮೇಲೆ ರಾತ್ರಿ ಹೊತ್ತು ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ, ಕೊನೆಗೆ ಏನು ತಾಕಿದರೂ ತಿಳಿಯದ ಮರಗಟ್ಟು. ಬೆನ್ನುಹುರಿಯಿಂದ ಅತಿ ದೂರ ಹೋಗುವ ನರಗಳೇ ಮೊದಲು ಸೊರಗುತ್ತವೆ, ಅದಕ್ಕೇ ಈ ಕಾಯಿಲೆ ಬೆರಳಿನಿಂದ ಮೇಲಕ್ಕೆ ಹತ್ತುತ್ತದೆ. ಇದರ ಮೇಲೆ ಮೂರು ವರ್ಷದ ಹಿಂದೆ ಹಿಮ್ಮಡಿ ನೋವು ಶುರುವಾಯಿತು. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಹಾದುಹೋಗುತ್ತದೆ. ವೈದ್ಯರು ಅದನ್ನು ಪ್ಲಾಂಟರ್ ಫ್ಯಾಶಿಯಾ ಎನ್ನುತ್ತಾರೆ. ಮೂಳೆಗೆ ಅಂಟಿಕೊಂಡ ಕಡೆ ಅದು ಜಗ್ಗಿ ಜಗ್ಗಿ ಕೆಟ್ಟರೆ, ಬೆಳಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೇ ಮೊಳೆ ಹೊಕ್ಕಂತಾಗುತ್ತದೆ. ಹತ್ತಾರು ಹೆಜ್ಜೆ ನಡೆದ ಮೇಲೆ ತುಸು ಸಡಿಲ. ಹೀಗೆ ನನ್ನ ಪಾದದ ಹಿಂಭಾಗ ಕೂಗುತ್ತದೆ, ಮುಂಭಾಗ ಮೂಕವಾಗಿದೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಬೇರೂರಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1780ರ ದಶಕದಲ್ಲಿ ಬಂಗಾಳದಿಂದ ಹುಳ ತರಿಸುವ ಯತ್ನ ನಡೆಯಿತು. ನಮ್ಮ ಕೆಂಪು ಮಣ್ಣಿಗೆ ಹಿಪ್ಪುನೇರಳೆ ಚೆನ್ನಾಗಿ ಒಗ್ಗಿತು. ನಾನು ಹುಡುಗನಾಗಿದ್ದಾಗ ನಮ್ಮಲ್ಲಿ ಹುಳಕ್ಕೆಂದು ಬೇರೆ ಮನೆ ಇರಲಿಲ್ಲ. ನಡುಮನೆಯಲ್ಲೇ ಬಿದಿರಿನ ತಟ್ಟೆಗಳು, ಕೆಳಗೆ ಸಗಣಿ ಸಾರಿಸಿದ ಮಣ್ಣಿನ ನೆಲ. ಹುಳ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅಮ್ಮ ಹೊರಗಿನವರನ್ನು ಒಳಕ್ಕೆ ಬಿಡುತ್ತಿರಲಿಲ್ಲ. "ದೃಷ್ಟಿ ಆಗ್ತದೆ, ಮೈಲಿಗೆ ಆಗ್ತದೆ ಕಣಪ್ಪಾ, ಕೆರ ಆಚೆ ಬಿಟ್ಟು ಕಾಲು ತೊಳ್ಕೊಂಡು ಬಾ" ಎನ್ನುತ್ತಿದ್ದಳು.

ಅಮ್ಮ ಮೈಲಿಗೆ ಎಂದದ್ದಕ್ಕೆ ತರಬೇತಿಯಲ್ಲಿ ನನಗೆ ಬೇರೆ ಹೆಸರುಗಳು ಸಿಕ್ಕವು: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟುರೋಗ. ಗಂಟುರೋಗ ಫ್ರಾನ್ಸಿನ ರೇಷ್ಮೆ ಕಸುಬನ್ನೇ ನೆಲಕ್ಕೆ ಕೆಡವಿದಾಗ, 1865ರಲ್ಲಿ ಲೂಯಿ ಪಾಶ್ಚರ್ ಆಲೆಸ್ ಎಂಬ ಊರಿಗೆ ಹೋಗಿ ಹುಳದ ಮುಂದೆ ಕೂತ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ರೋಗ ಇಳಿಯುತ್ತದೆ, ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿದ್ದರೆ ಅದರ ಮೊಟ್ಟೆಯನ್ನು ನಾಶ ಮಾಡಬೇಕು ಎಂದು ತೋರಿಸಿಕೊಟ್ಟ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವ ತಾಯಿ ಚಿಟ್ಟೆ ಪರೀಕ್ಷೆಯ ಮೂಲ ಅದೇ. ರೋಗ ಕಾಲಿನ ದೂಳಿನಲ್ಲೂ ಬರುತ್ತದೆ. ಅದಕ್ಕೇ ಹೊಸಿಲಿನ ಗೋಣಿ, ಆಚೆ ಬಿಟ್ಟ ಚಪ್ಪಲಿ. ಹೊರಗಿನ ಕೊಳೆ ಒಳಗೆ ಬರಬಾರದು ಎಂಬುದಷ್ಟೇ ಈ ನಿಯಮದ ಜೀವ. ಕಾಲು ಬರಿದಾಗಿರಬೇಕು ಎಂದು ಅದು ಎಂದೂ ಕೇಳಲಿಲ್ಲ. ಅಮ್ಮನೂ, ಮೂವತ್ತು ವರ್ಷ ಬೋಧಿಸಿದ ನಾನೂ ಇವೆರಡನ್ನೂ ಒಂದೇ ಎಂದುಕೊಂಡಿದ್ದೆವು.

ಅಷ್ಟರಲ್ಲಿ ನೆಲ ಬದಲಾಯಿತು. 1980ರಲ್ಲಿ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ, 1989ರಲ್ಲಿ ರಾಷ್ಟ್ರೀಯ ರೇಷ್ಮೆ ಯೋಜನೆ ಬಂದವು. ಹುಳಕ್ಕೆ ಪ್ರತ್ಯೇಕ ಮನೆ ಕಟ್ಟಿಸಿ, ತೊಳೆಯಲು ಅನುಕೂಲವಾಗುವಂತೆ ಸಿಮೆಂಟು ನೆಲ ಹಾಕಿಸಿ ಎಂದು ನಾವು ಮನೆಮನೆಗೆ ಹೇಳಿದೆವು. ಬಿಡಿ ಎಲೆ ಕೊಯ್ಯುವ ಬದಲು ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿ ಹರಡಿತು. ಹುಳಕ್ಕೆ ಒಳ್ಳೆಯದಾಯಿತು, ರೈತರ ಕೈಗೂ ನಾಲ್ಕು ಕಾಸು ಬಂತು. ಆದರೆ ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಸುಮಾರು ಶೇಕಡ 80 ಭಾಗವನ್ನು ತಿನ್ನುವುದು ಐದನೇ ಹಂತದ ಆ ಒಂದು ವಾರದಲ್ಲಿ. ಆ ವಾರವೆಲ್ಲ ಹೆಂಗಸರು ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬರಿಗಾಲಲ್ಲಿ ಸಿಮೆಂಟಿನ ಮೇಲೆ ಓಡಾಡಿದರು. ಹುಳಕ್ಕೆ ಎರಚಿದ ಸುಣ್ಣದ ಪುಡಿ, ಹೊಸಿಲಿನ ಬ್ಲೀಚಿಂಗ್ ನೀರು ಅವರ ಹಿಮ್ಮಡಿಯ ಬಿರುಕಿಗೆ ಇಳಿಯುತ್ತಿತ್ತು. "ಬೆಳಗ್ಗೆ ಎದ್ರೆ ಹಿಮ್ಮಡಿ ಊರಕ್ಕೆ ಆಗಲ್ಲ ಸಾರ್" ಎಂದು ಎಷ್ಟೋ ತಾಯಂದಿರು ನನಗೆ ಹೇಳಿದ್ದಾರೆ. ನನ್ನ ಡೈರಿಯಲ್ಲಿ ಹುಳದ ರೋಗಗಳಿವೆ. ಆ ಮಾತುಗಳನ್ನು ನಾನು ಬರೆದುಕೊಳ್ಳಲಿಲ್ಲ. ಅದು ಈಗ ನನ್ನನ್ನು ನೋಯಿಸುತ್ತದೆ.

ಹಿಮ್ಮಡಿ ನೋವಿಗೆ ನಮ್ಮ ಕಡೆ ಒಂದು ಹಳೆಯ ಮದ್ದಿದೆ. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಊರುವುದು. ಅಮ್ಮ ಸುಗ್ಗಿಯ ದಿನಗಳಲ್ಲಿ ಹಾಗೆ ಮಾಡಿಕೊಂಡು ಹಾಯೆನ್ನುತ್ತಿದ್ದುದನ್ನು ಕಂಡಿದ್ದೇನೆ. ನೋವು ಬಂದ ಮೊದಲ ತಿಂಗಳು ನಾನೂ ಅದನ್ನೇ ಮಾಡಿದೆ. ಹಿಮ್ಮಡಿಗೆ ಹಿತವೆನಿಸಿತು. ಇಟ್ಟಿಗೆಯ ಅಂಚಿಗೆ ತಾಗಿದ್ದ ಕಿರುಬೆರಳು ಏನೂ ಹೇಳಲಿಲ್ಲ. ರಾತ್ರಿ ಕಾಲು ತೊಳೆಯುವಾಗ ಹೆಂಡತಿ ನೋಡಿದಳು: ಅಡಿಕೆ ಗಾತ್ರದ ಬೊಕ್ಕೆ. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮದ್ದಿನಲ್ಲಿ ತಪ್ಪಿರಲಿಲ್ಲ. ಬಿಸಿ ಹೆಚ್ಚಾದಾಗ ಕಾಲೇ ಹಿಂದಕ್ಕೆ ಸರಿಯುತ್ತದೆ ಎಂಬ ನಂಬಿಕೆಯ ಮೇಲೆ ಆ ಮದ್ದು ನಿಂತಿತ್ತು. ನನ್ನ ಕಾಲು ಸರಿಯುವುದನ್ನು ಮರೆತಿತ್ತು.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತಕಂಟಕ, ಪಾದದಾಹ, ಪಾದಹರ್ಷ ಎಂಬ ಮೂರು ವ್ಯಾಧಿಗಳು ಒಂದರ ಪಕ್ಕ ಒಂದು ಬರುತ್ತವೆ. ಅಡ್ಡಾದಿಡ್ಡಿ ಹೆಜ್ಜೆಯಿಂದ ಬರುವ ಮುಳ್ಳು ಚುಚ್ಚಿದಂಥ ನೋವು, ಅಂಗಾಲಿನ ಉರಿ, ಜುಮುಗುಟ್ಟುತ್ತ ಸ್ಪರ್ಶ ಕಳೆಯುವ ಪಾದ. ನನ್ನ ಎರಡು ಕಾಲಿನ ಕತೆಯನ್ನು ಹಿಂದಿನವರು ಒಂದೇ ಕಡೆ ಬರೆದಿಟ್ಟಿದ್ದರು.

ಸ್ಪರ್ಶ ಕಳೆದ ಪಾದವನ್ನು ಉಳಿಸುವ ದಾರಿ ಸಿಕ್ಕಿದ್ದು ನಮಗೆ ದೂರವಲ್ಲದ ವೆಲ್ಲೂರಿನಲ್ಲಿ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ದಾಟಿದರೆ ವೆಲ್ಲೂರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಪ್ರತಿ ಗಾಯದ ಬೆನ್ನು ಹತ್ತಿದರು. ಬಿಸಿ ಪಾತ್ರೆ, ಮೊಳೆ, ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಭಾರ, ಹೀಗೆ ಒಂದೊಂದಕ್ಕೂ ಕಾರಣ ಸಿಕ್ಕಿತು. ರಾತ್ರಿ ಮಲಗಿದ್ದಾಗ ಇಲಿ ಕಚ್ಚಿದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ, ಅದಕ್ಕಾಗಿ ಬೆಕ್ಕು ಸಾಕಿಸಿದರು. ನೋವು ಇಲ್ಲದಿರುವುದೇ ಗಾಯದ ಮೂಲ ಎಂದು ಅವರು ಜಗತ್ತಿಗೆ ತೋರಿಸಿದರು. ಭಾರ ಒಂದೇ ಕಡೆ ಬೀಳದಂತೆ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಅಲ್ಲಿ ರೂಪುಗೊಂಡಿತು. 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಅದೇ ತಿಳಿವಳಿಕೆಯನ್ನು ಅವರು ಸಕ್ಕರೆ ಕಾಯಿಲೆಯವರ ಪಾದಗಳಿಗೂ ತಂದರು. ಇಂದು ನಮ್ಮಲ್ಲಿ ಎಲ್ಲರೂ ಎಂಸಿಆರ್ ಚಪ್ಪಲಿ ಎನ್ನುವುದು ಆ ಚಪ್ಪಲಿಯನ್ನೇ.

ನಾನು ಅಂಥ ಎರಡು ಜೊತೆ ಕೊಂಡೆ. ಹಿಂದೆ ಪಟ್ಟಿ ಇರುವುದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಮರಗಟ್ಟಿದ ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಒಂದು ಜೊತೆ ಬಾಗಿಲಾಚೆ ಇರುತ್ತದೆ. ಇನ್ನೊಂದನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಒಣಗಿಸಿ ಹುಳದ ಮನೆಯೊಳಗೇ ಮೊಳೆಗೆ ತೂಗುಹಾಕಿದ್ದೇನೆ. ಅದು ಆ ಹೊಸಿಲು ದಾಟಿ ಹೊರಗೆ ಬರುವುದಿಲ್ಲ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಬೆರಳುಗಳನ್ನು ಮೇಲಕ್ಕೆ ಮಡಚಿ ಅಂಗಾಲು ಎಳೆಯುತ್ತೇನೆ, ಗೋಡೆ ಹಿಡಿದು ಮೀನಖಂಡ ಎಳೆಯುತ್ತೇನೆ. ಬಿಸಿ ಇಟ್ಟಿಗೆಯಿಲ್ಲ, ಮಂಜುಗಡ್ಡೆಯೂ ಇಲ್ಲ, ಚಳಿಯನ್ನೂ ನನ್ನ ಬೆರಳು ತಿಳಿಯದು. ಸ್ನಾನದ ನೀರಿಗೆ ಮೊದಲು ಮೊಣಕೈ ಅದ್ದುತ್ತೇನೆ. ರಾತ್ರಿ ಕನ್ನಡಿ ಇಟ್ಟು ಅಂಗಾಲು, ಬೆರಳ ಸಂದು ನೋಡುತ್ತೇನೆ. ಕಾಲು ಹೇಳಲಾರದ್ದನ್ನು ಕಣ್ಣು ಹೇಳಬೇಕು.

ಕಳೆದ ಬೆಳೆಯಲ್ಲಿ ಗೂಡು ಬಿಡಿಸಲು ಬಂದ ಪಕ್ಕದ ಮನೆಯಾಕೆ ನನ್ನ ಕಾಲು ನೋಡಿ ತಡೆದು ನಿಂತಳು. "ಏನಣ್ಣಾ, ನೀವೇ ಚಪ್ಪಲಿ ಹಾಕ್ಕೊಂಡು ಒಳಗಿದ್ದೀರಾ?" ಎಂದಳು. ಆಕೆಗೂ ಸಕ್ಕರೆ ಇದೆ, ಆಕೆಯದೂ ಬರಿಗಾಲು. ನಾನು ಮೊಳೆ, ಚಪ್ಪಲಿ, ಹೊಸಿಲು ಮೂರನ್ನೂ ತೋರಿಸಿ ಹೇಳಿದೆ: "ಆಚೇದು ಆಚೆ ಇರಲಿ ತಾಯಿ, ಒಳಗಿನದು ಒಳಗಿರಲಿ. ಹುಳಾನೂ ಉಳೀಲಿ, ಕಾಲೂ ಉಳೀಲಿ." ಈ ತಿಂಗಳು ಅವರ ಹುಳದ ಮನೆಯ ಗೋಡೆಗೂ ಒಂದು ಮೊಳೆ ಬಿದ್ದಿದೆ.