ಪೇಪರ್‌ನ ಅಕ್ಷರ ಎಣಿಸಿದ ಆರ್ಕಿಟೆಕ್ಟ್: ಸ್ಕ್ರ್ಯಾಬಲ್‌ನಿಂದ ವರ್ಡಲ್‌ವರೆಗೆ

ಇವತ್ತಿನ ಎಪಿಸೋಡ್‌ಗೆ ಮುಂಚೆ ಒಂದು ಪ್ರಶ್ನೆ. ವರ್ಡಲ್ ಆಡ್ತೀರಾ? ಐದು ಖಾಲಿ ಚೌಕ, ಆರು ಚಾನ್ಸ್. ಮೊದಲ ಪದ ಏನು ಹಾಕ್ತೀರಿ? ಹೆಚ್ಚಿನವರು ಇ, ಎ, ಆರ್, ಟಿ ಇರೋ ಪದವನ್ನೇ ಹಾಕೋದು. ಝಡ್ ಅಥವಾ ಕ್ಯೂ ಇರೋ ಪದದಿಂದ ಶುರು ಮಾಡೋ ಧೈರ್ಯ ಯಾರಿಗೂ ಇಲ್ಲ. ಆದ್ರೆ ಇಂಗ್ಲಿಷ್‌ನಲ್ಲಿ ಇ ಜಾಸ್ತಿ, ಝಡ್ ಕಮ್ಮಿ ಅಂತ ಹೇಳ್ಬೇಕಾದ್ರೆ ಯಾರೋ ಕೂತು ಎಣಿಸಿರಬೇಕಲ್ವಾ?

ಎಣಿಸಿದವರು ಇದ್ದಾರೆ. 9ನೇ ಶತಮಾನದ ಬಾಗ್ದಾದ್‌ನಲ್ಲಿ ಅಲ್-ಕಿಂದಿ ಎಂಬ ವಿದ್ವಾಂಸ, ಗುಪ್ತ ಪತ್ರಗಳನ್ನು ಬಿಡಿಸೋಕೆ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಲೆಕ್ಕ ಹಾಕಬೇಕು ಎಂದು ಬರೆದಿಟ್ಟಿದ್ದ. ಸಾವಿರ ವರ್ಷ ಕಳೆದ ಮೇಲೆ, ಟೆಲಿಗ್ರಾಫ್ ಬಂದಾಗ, ಮೋರ್ಸ್ ಕೋಡ್‌ನಲ್ಲಿ ಇ ಅಕ್ಷರಕ್ಕೆ ಒಂದೇ ಒಂದು ಚುಕ್ಕಿ ಸಿಕ್ಕಿತು. ಹೆಚ್ಚು ಬರೋ ಅಕ್ಷರ ಬೇಗ ಮುಗೀಬೇಕು, ಅಷ್ಟೇ ಲಾಜಿಕ್. ಇವರಿಬ್ಬರಿಗೂ ಅದು ಕೆಲಸದ ವಿಷಯ. ಆಟಕ್ಕೋಸ್ಕರ ಎಣಿಸಿದ ವ್ಯಕ್ತಿಗೆ ಮಾತ್ರ ಆಗ ಕೆಲಸವೇ ಇರಲಿಲ್ಲ.

ಹೆಸರು ಆಲ್ಫ್ರೆಡ್ ಬಟ್ಸ್. ನ್ಯೂಯಾರ್ಕ್‌ನ ಆರ್ಕಿಟೆಕ್ಟ್. 1930ರ ದಶಕದ ಶುರು, ಅಮೆರಿಕದ ಆರ್ಥಿಕತೆ ನೆಲಕಚ್ಚಿದ ಕಾಲ. ಹೊಸ ಕಟ್ಟಡ ಕಟ್ಟೋರೇ ಇಲ್ಲದ ಮೇಲೆ ನಕ್ಷೆ ಬರೆಯೋರಿಗೆ ಸಂಬಳ ಕೊಡೋರು ಯಾರು? ಬಟ್ಸ್ ಕೂಡ ಮನೆಗೆ ಬಂದರು. ಖಾಲಿ ಕೂತವರು ಒಂದು ಆಟ ಕಂಡುಹಿಡಿಯೋಣ ಅಂತ ಹೊರಟರು. ಪೂರ್ತಿ ಅದೃಷ್ಟದ ಮೇಲೆ ನಿಲ್ಲಬಾರದು, ಪೂರ್ತಿ ಬುದ್ಧಿಯ ಮೇಲೂ ನಿಲ್ಲಬಾರದು, ಎರಡೂ ಬೆರೆತಿರಬೇಕು ಅನ್ನೋದು ಅವರ ಆಸೆ.

ಅದಕ್ಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟ ತೆಗೆದುಕೊಂಡು ಒಂದೊಂದೇ ಅಕ್ಷರ ಎಣಿಸಿದರು. ಕಂಪ್ಯೂಟರ್ ಇಲ್ಲ, ಎಕ್ಸೆಲ್ ಶೀಟ್ ಇಲ್ಲ. ಪೆನ್ಸಿಲ್, ಕಾಗದ, ಗೀಟು ಹಾಕಿ ಲೆಕ್ಕ. ಇವತ್ತು ಸ್ಕ್ರ್ಯಾಬಲ್ ಚೀಲದಲ್ಲಿರೋ 100 ಬಿಲ್ಲೆಗಳಲ್ಲಿ ಇ 12 ಇರೋದು, ಕ್ಯೂ ಒಂದೇ ಇದ್ದು ಅದಕ್ಕೆ 10 ಪಾಯಿಂಟ್ ಇರೋದು ಈ ಎಣಿಕೆಯ ಫಲ.

ಆದ್ರೆ ಅವರ ನಿಜವಾದ ಜಾಣತನ ಇರೋದು ಎಣಿಸಿದ್ದರಲ್ಲಿ ಅಲ್ಲ, ಎಣಿಕೆಯನ್ನು ಕಣ್ಮುಚ್ಚಿ ನಂಬದೇ ಇದ್ದದ್ದರಲ್ಲಿ ಅಂತ ನನಗನ್ನಿಸುತ್ತೆ. ಎಸ್ ತಗೊಳ್ಳಿ. ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಬರೋ ಅಕ್ಷರ. ಆದರೂ ಬಟ್ಸ್ ಇಟ್ಟಿದ್ದು ನಾಲ್ಕೇ ನಾಲ್ಕು. ಯಾಕೆಂದರೆ ಎದುರಿನವರು ಕಷ್ಟಪಟ್ಟು ಇಟ್ಟ ಪದದ ಕೊನೆಗೆ ಒಂದು ಎಸ್ ಅಂಟಿಸಿ ಬಹುವಚನ ಮಾಡಿದ್ರೆ ಸಾಕು, ಆ ಪದದ ಪಾಯಿಂಟ್ ಪೂರ್ತಿ ಅವರ ಖಾತೆಗೆ. ಎಸ್ ಜಾಸ್ತಿ ಇದ್ದಿದ್ರೆ ಆಟವೇ ಸಪ್ಪೆ.

ಇನ್ನು ಎಚ್. ಇದು ಇನ್ನೂ ಮಜಾ. ಪೇಪರ್‌ನಲ್ಲಿ ಎಚ್ ಎಲ್ಲೆಲ್ಲೂ ಇರುತ್ತೆ, ಯಾಕೆಂದರೆ 'ದಿ', 'ದಟ್', 'ವಿತ್', 'ಹಿ' ಇಲ್ಲದೆ ಇಂಗ್ಲಿಷ್‌ನಲ್ಲಿ ನಾಲ್ಕು ವಾಕ್ಯ ಸಾಗಲ್ಲ. ಆದ್ರೆ ಡಿಕ್ಷನರಿಯಲ್ಲಿ 'ದಿ' ಅನ್ನೋದು ಒಂದೇ ಪದ, ಒಂದೇ ಸಲ. ಓದೋ ಸಾಲಿನಲ್ಲಿ ಲೆಕ್ಕ ಹಾಕಿದ್ರೆ ಎಚ್ ಸಾಮಾನ್ಯ, ಪದಗಳ ಪಟ್ಟಿಯಲ್ಲಿ ಹಾಕಿದ್ರೆ ಅಷ್ಟಿಲ್ಲ. ಸ್ಕ್ರ್ಯಾಬಲ್‌ನಲ್ಲಿ ಎಚ್ ಇರೋದು ಎರಡೇ, ಪಾಯಿಂಟ್ 4. ಪದ ಹುಡುಕುವಾಗ ನಾವು ಎಡವೋದೇ ಇಲ್ಲಿ. ದಿನಾ ಕಣ್ಣಿಗೆ ಬೀಳೋ ಅಕ್ಷರ ಎಲ್ಲ ಪದದಲ್ಲೂ ಇರುತ್ತೆ ಅಂದ್ಕೊಂಡು ಬಿಡ್ತೀವಿ.

ಆಟ ಗೆದ್ದಿತಾ? ತಕ್ಷಣಕ್ಕೆ ಇಲ್ಲ. ಮೊದಲು 'ಲೆಕ್ಸಿಕೋ' ಅಂತ ಹೆಸರಿಟ್ಟರು, ಆಗ ಬೋರ್ಡೇ ಇರಲಿಲ್ಲ. 1938ರಲ್ಲಿ ಬೋರ್ಡ್ ಸೇರಿಸಿ 'ಕ್ರಿಸ್-ಕ್ರಾಸ್ ವರ್ಡ್ಸ್' ಅಂದರು. ಆಟಿಕೆ ಕಂಪನಿಗಳು ಬೇಡ ಅಂದವು. ತಾನಿದ್ದ ಜಾಕ್ಸನ್ ಹೈಟ್ಸ್ ಬಡಾವಣೆಯ ಚರ್ಚ್ ಹಾಲ್‌ನಲ್ಲಿ ಪರಿಚಯದವರ ಜೊತೆ ಆಡುತ್ತಾ, ತಾನೇ ಸೆಟ್ ಮಾಡಿ ಕೊಡುತ್ತಾ ವರ್ಷಗಳು ಕಳೆದವು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬುವರು ಹಕ್ಕು ಪಡೆದು 'ಸ್ಕ್ರ್ಯಾಬಲ್' ಎಂದು ಹೆಸರು ಬದಲಿಸಿದರು. 1949ರಲ್ಲಿ ಸುಮಾರು 2,400 ಸೆಟ್ ಮಾಡಿ 450 ಡಾಲರ್ ಕಳೆದುಕೊಂಡರು. 1952ರಿಂದ ಆರ್ಡರ್‌ಗಳ ಮಳೆ.

ಈಗ ವರ್ಡಲ್‌ಗೆ ವಾಪಸ್ ಬರೋಣ. 2021ರಲ್ಲಿ ಜೋಶ್ ವಾರ್ಡಲ್ ಇದನ್ನು ಮಾಡಿದ್ದು ಸಂಗಾತಿ ಪಲಕ್ ಶಾ ಅವರಿಗೋಸ್ಕರ. ಇಂಗ್ಲಿಷ್‌ನ ಐದಕ್ಷರದ ಪದಗಳು ಸುಮಾರು 12,000. ಪಲಕ್ ಆ ಪಟ್ಟಿಯಲ್ಲಿ ಒಂದೊಂದನ್ನೇ ನೋಡಿ, ಗೊತ್ತು, ಗೊತ್ತಿಲ್ಲ ಅಂತ ಗುರುತು ಹಾಕಿದರು. ಉತ್ತರಗಳಿಗೆ ಉಳಿದಿದ್ದು ಸುಮಾರು 2,300. ಅಂದ್ರೆ ಇಲ್ಲೂ ಕೂತು ಸೋಸಿದ್ದು ಮನುಷ್ಯರೇ. ಇಲ್ಲೂ ಎಸ್‌ಗೆ ಕಡಿವಾಣ ಬಿತ್ತು! ಎಸ್ ಸೇರಿಸಿ ಮಾಡಿದ ಸುಲಭದ ಬಹುವಚನಗಳು ಉತ್ತರದ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಎಸ್ ಅನ್ನು ಕೊನೆಯ ಚೌಕದಲ್ಲಿ ಹಾಕೋದು ಹೆಚ್ಚಾಗಿ ದಂಡ. ಮೊದಲ ಚೌಕದಲ್ಲಿ ಹಾಕಿದ್ರೆ ಚಾನ್ಸ್ ಜಾಸ್ತಿ. ಆ ಪಟ್ಟಿಯಲ್ಲಿ ಬೇರೆ ಯಾವ ಅಕ್ಷರಕ್ಕಿಂತ ಹೆಚ್ಚು ಪದಗಳು ಶುರುವಾಗೋದು ಎಸ್‌ನಿಂದಲೇ.

ಇದೇ ಕಾರಣಕ್ಕೆ 'ಇಂಥ ಅಕ್ಷರ ಇರೋ ಪದ ಹುಡುಕಿಕೊಡಿ' ಅನ್ನೋ ಆ್ಯಪ್ ಬಳಸೋಕೆ ಮುಂಚೆ, ಅದರ ಹಿಂದೆ ಯಾವ ಪಟ್ಟಿ ಇದೆ ಅಂತ ನೋಡಿ. ಸ್ಕ್ರ್ಯಾಬಲ್‌ನ ಕಾಲಿನ್ಸ್ ಪಟ್ಟಿಯಲ್ಲಿ ನಮ್ಮ ರಾಗಿ ಇದೆ, ಇಡ್ಲಿ ಇದೆ. ಕ್ಯೂ ಸಿಕ್ಕಿ ಯು ಸಿಗದೆ ಒದ್ದಾಡೋರಿಗೆ 'ಚೀ' ಎಂಬ ಚೀನೀ ಪದವೂ ಇದೆ, ಕ್ಯೂ ಮತ್ತು ಐ ಎರಡೇ ಅಕ್ಷರ. ಅಮೆರಿಕದ ಟೂರ್ನಿಗಳಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಬಟ್ಸ್ ಅದನ್ನು ನೋಡಲಿಲ್ಲ, 1993ರಲ್ಲೇ ತೀರಿಕೊಂಡಿದ್ದರು.

ಜಾಕ್ಸನ್ ಹೈಟ್ಸ್‌ನಲ್ಲಿ ಆ ಚರ್ಚ್ ಇರೋದು 35ನೇ ಅವೆನ್ಯೂನಲ್ಲಿ. ಅಲ್ಲಿನ ಒಂದು ರಸ್ತೆ ಬೋರ್ಡಿನಲ್ಲಿ ಹೆಸರಿನ ಪ್ರತಿ ಅಕ್ಷರದ ಕೆಳಗೂ ಸ್ಕ್ರ್ಯಾಬಲ್ ಪಾಯಿಂಟ್ ಚಿಕ್ಕದಾಗಿ ಬರೆದಿದ್ದಾರೆ. ಎಚ್ ಕೆಳಗೆ ಅಲ್ಲೂ 4.